ಮೂರು ಸಾವಿರದ ದೋಷ, ಅರವತ್ತು ಸಾವಿರದ ಬಿಲ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ 97ಕ್ಕೇ ಕುದಿಯುತ್ತದೆ. ಅಡುಗೆಮನೆಯಲ್ಲಿ ಈ ಮೂರು ಡಿಗ್ರಿ ಯಾರ ಗಮನಕ್ಕೂ ಬರುವುದಿಲ್ಲ, ಕಾರಿನ ಬಾನೆಟ್ ಕೆಳಗೆ ಅದೇ ಮುಖ್ಯವಾಗುತ್ತದೆ. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾಗುವುದೇ 95ರಿಂದ 100 ಡಿಗ್ರಿಯ ನಡುವೆ. ಆ ಹೊತ್ತಿಗೆ ಒಳಗಿನ ನೀರು ಕುದಿಯದಂತೆ ಕಾಯುವುದು ರೇಡಿಯೇಟರಿನ ಮುಚ್ಚಳ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚು ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತದೆ ಎಂದರ್ಥ. 1.1ರ ಮುಚ್ಚಳ ಸರಿಯಾಗಿದ್ದರೆ ಬೆಂಗಳೂರಿನಲ್ಲೂ ಬರೀ ನೀರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅರ್ಧ ನೀರು, ಅರ್ಧ ಕೂಲಂಟ್ ಇದ್ದರೆ 125 ದಾಟುತ್ತದೆ. ಮುಚ್ಚಳದ ರಬ್ಬರ್ ಒಣಗಿ ಸೀಳಿ ಒತ್ತಡ ನಿಲ್ಲದೆ ಹೋದರೆ ಮತ್ತೆ 97ಕ್ಕೇ ಬಂದೆವು. ಅಂದರೆ, ಬರೀ ನೀರು ತುಂಬಿದ ಕಾರು ಫ್ಯಾನ್ ತಿರುಗುವ ಹೊತ್ತಿಗೇ ಕುದಿಯಲು ಶುರುಮಾಡುತ್ತದೆ. ಆ ಮುಚ್ಚಳದ ಬೆಲೆ ಸಣ್ಣ ಕಾರಿಗೆ 150ರಿಂದ 400 ರೂಪಾಯಿ.

ಇಂಜಿನ್ ಬಿಸಿಯಾಗಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆ ಎಂದು ಬೆಂಗಳೂರಿನ ರಾಮಮೂರ್ತಿ ನಗರದ ಮುಖ್ಯರಸ್ತೆಯ ಗ್ಯಾರೇಜುಗಳಿಗೆ ಬರುವ ಕಾರುಗಳ ಕತೆ ಎಲ್ಲಿಂದ ಹೊರಡುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಲೆಕ್ಕದಲ್ಲಿ ನೋಡಬೇಕೆಂದು ಈ ಬರಹ. ಇಲ್ಲಿ ಕೊಟ್ಟಿರುವ ಬೆಲೆಗಳು ಸಣ್ಣ ಪೆಟ್ರೋಲ್ ಕಾರಿನ ಅಂದಾಜುಗಳು. ಜೆ.ಸಿ. ರಸ್ತೆಯ ಒಂದು ಬಿಡಿಭಾಗದ ಅಂಗಡಿಗೂ ಪಕ್ಕದ ಅಂಗಡಿಗೂ ವ್ಯತ್ಯಾಸ ಇದ್ದೇ ಇರುತ್ತದೆ, ಕಂಪನಿ ಸರ್ವಿಸ್ ಸೆಂಟರಿನಲ್ಲಿ ಇನ್ನೂ ಹೆಚ್ಚು. ರೂಪಾಯಿಯ ಕೊನೆಯ ಅಂಕಿಗಿಂತ, ಒಂದು ಹಂತದಿಂದ ಮುಂದಿನದಕ್ಕೆ ಬಿಲ್ ಎಷ್ಟು ಪಟ್ಟು ಏರುತ್ತದೆ ಎಂಬುದು ನನಗೆ ಮುಖ್ಯ.

ಮೊದಲು ಶಾಖದ ಲೆಕ್ಕ. ಎಥನಾಲ್ ಬೆರೆತ ಈಗಿನ ಪೆಟ್ರೋಲಿನ ಒಂದು ಲೀಟರಿನಲ್ಲಿ ಸುಮಾರು 30 ಮೆಗಾಜೂಲ್ ಶಕ್ತಿ ಇದೆ. ಸುಮಾರಾಗಿ ಅದರ ಮೂರನೇ ಒಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಇನ್ನೊಂದು ಪಾಲು ಕೂಲಂಟಿಗೆ ಸೇರುತ್ತದೆ. ಕಾರು ನಿಂತಲ್ಲೇ ಉರಿಯುತ್ತಿದ್ದರೆ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಪೆಟ್ರೋಲ್ ಬೇಕು, ಎ.ಸಿ. ಹಾಕಿದರೆ ಒಂದು ಲೀಟರಿಗೂ ಮಿಗಿಲು. ಭಾಗಿಸಿ ನೋಡಿದರೆ ಕೂಲಂಟಿಗೆ ಹೋಗುವ ಶಾಖ 2 ಕಿಲೋವ್ಯಾಟ್, ಎ.ಸಿ. ಇದ್ದರೆ 3ರ ಹತ್ತಿರ. ಮನೆಯ ಸ್ನಾನದ ಗೀಸರ್ ಕೂಡ 2 ಕಿಲೋವ್ಯಾಟಿನದೇ. ನಿಂತ ಕಾರಿನೊಳಗೆ ಆಫ್ ಆಗದ ಒಂದು ಗೀಸರ್ ಇದೆ ಎಂದುಕೊಳ್ಳಿ. ಅದರ ಶಾಖವನ್ನು ಹೊರಗೆ ಹಾಕಲು ಫ್ಯಾನ್ ಬಿಟ್ಟರೆ ಬೇರೆ ದಾರಿಯಿಲ್ಲ, ಏಕೆಂದರೆ ಎದುರುಗಾಳಿ ಇಲ್ಲ.

ನಮ್ಮ ಭಾಗದಲ್ಲಿ ಕಾರು ನಿಂತಿರುವ ಹೊತ್ತೇ ಹೆಚ್ಚು. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಗಂಟೆಗೆ 17.6 ಕಿಲೋಮೀಟರ್ ಆಯಿತು. ಸಂಜೆ ಏಳರ ಹೊತ್ತಿಗೆ ಹೊರವರ್ತುಲ ರಸ್ತೆಯಲ್ಲಿ ಕಸ್ತೂರಿನಗರ ದಾಟಿ ಟಿನ್ ಫ್ಯಾಕ್ಟರಿ ಕಡೆಗೆ ಹೋದವರಿಗೆ ಆ ಸರಾಸರಿಯೂ ಉದಾರವಾಗಿ ಕಾಣುತ್ತದೆ. ಇದರ ಮೇಲೆ ಬೇಸಿಗೆ. ಹೊರಗೆ 25 ಡಿಗ್ರಿ ಇದ್ದಾಗ 95 ಡಿಗ್ರಿಯ ರೇಡಿಯೇಟರಿಗೂ ಗಾಳಿಗೂ 70 ಡಿಗ್ರಿ ಅಂತರ ಇರುತ್ತದೆ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ದಾಖಲಾಗಿತ್ತು. ಅಂಥ ದಿನ ಅಂತರ 56ಕ್ಕೆ ಇಳಿಯುತ್ತದೆ, ಅದೇ ರೇಡಿಯೇಟರ್ ಅದೇ ಫ್ಯಾನಿನಲ್ಲಿ ಶೇ 20ರಷ್ಟು ಕಡಿಮೆ ಶಾಖ ಬಿಡುತ್ತದೆ.

ಫ್ಯಾನ್ ಕೆಟ್ಟರೆ ಎಷ್ಟು ಸಮಯ ಸಿಗುತ್ತದೆ? ಐದು ಲೀಟರ್ ಕೂಲಂಟ್ ಮತ್ತು ಇಂಜಿನ್ನಿನ ಲೋಹ ಸೇರಿ ಒಂದು ಡಿಗ್ರಿ ಏರಲು ಸುಮಾರು 60 ಕಿಲೋಜೂಲ್ ಬೇಕೆಂದು ಹಿಡಿದರೆ, 95ರಿಂದ 120ಕ್ಕೆ ಏರಲು 1,500 ಕಿಲೋಜೂಲ್. 2 ಕಿಲೋವ್ಯಾಟಿನಲ್ಲಿ ಹನ್ನೆರಡೂವರೆ ನಿಮಿಷ, ಎ.ಸಿ. ಹಾಕಿದ್ದರೆ ಎಂಟೇ ನಿಮಿಷ. ಇದು ಒರಟು ಲೆಕ್ಕ, ಒಂದಿಷ್ಟು ಶಾಖ ತಾನಾಗಿಯೂ ಆರುತ್ತದೆ. ಆದರೂ ರಾಮಮೂರ್ತಿ ನಗರದ ಸೇತುವೆಯ ಹತ್ತಿರ ಉಷ್ಣತೆಯ ಮುಳ್ಳು ಮೇಲೇರಿದ್ದನ್ನು ಕಂಡು, ಹೇಗಾದರೂ ಮನೆಗೆ ಹೋಗಿಬಿಡೋಣ ಎಂದುಕೊಂಡವರ ಕೈಯಲ್ಲಿರುವುದು ಇಷ್ಟೇ ಸಮಯ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿದರೆ ಕೆಂಪು ದೀಪ, ನಡುವೆ ಏನಾಗುತ್ತಿದೆಯೆಂದು ಹೇಳುವವರಿಲ್ಲ. ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಐನೂರರಿಂದ ಸಾವಿರ ರೂಪಾಯಿಯ ಬ್ಲೂಟೂತ್ ರೀಡರ್ ಕೊಂಡರೆ ಕೂಲಂಟಿನ ಉಷ್ಣತೆ ಫೋನಿನಲ್ಲಿ ಅಂಕಿಯಾಗಿಯೇ ಕಾಣುತ್ತದೆ. ಹಳೆ ಕಾರು ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ತೋಚುವುದಿಲ್ಲ. ಒಂದು ಎಚ್ಚರಿಕೆ: ನೀರು ಇಳಿದು ಸೆನ್ಸರ್ ಹಬೆಯಲ್ಲಿ ನಿಂತರೆ ಅಂಕಿ ಇದ್ದಕ್ಕಿದ್ದಂತೆ ಕಡಿಮೆ ತೋರಿಸಬಹುದು. ಏರುತ್ತಿದ್ದ ಉಷ್ಣತೆ ಏಕಾಏಕಿ ಬಿದ್ದರೆ ತಣ್ಣಗಾಯಿತೆಂದು ತಿಳಿಯದೆ ಕೂಡಲೇ ಇಂಜಿನ್ ಆರಿಸಬೇಕು.

ಆರಿಸಿದ ಮೇಲೆ ಮುಚ್ಚಳಕ್ಕೆ ಕೈ ಹಾಕಬಾರದು. ಎಲ್ಲರೂ ಹೇಳುವ ಈ ಮಾತಿನ ಹಿಂದಿನ ಅಂಕಿ ಇದು: ಒಳಗೆ 115 ಡಿಗ್ರಿಯ ಐದು ಲೀಟರ್ ನೀರಿದೆ, ಮುಚ್ಚಳ ತೆರೆದೊಡನೆ ಅದರ ಕುದಿಬಿಂದು 97ಕ್ಕೆ ಇಳಿಯುತ್ತದೆ. ಹೆಚ್ಚಾದ 18 ಡಿಗ್ರಿಯ ಶಾಖ ಶೇ 3ರಷ್ಟು ನೀರನ್ನು ಕ್ಷಣದಲ್ಲಿ ಹಬೆ ಮಾಡುತ್ತದೆ. ಅಂದರೆ 160 ಮಿಲಿ ನೀರು. ಹಬೆಯಾಗಿ ಅದು 300 ಲೀಟರ್ ಜಾಗ ಬೇಡುತ್ತದೆ, ಜೊತೆಗೆ ಕುದಿನೀರನ್ನೂ ಎತ್ತಿ ಚಿಮ್ಮಿಸುತ್ತದೆ. ಮುಖ, ಕುತ್ತಿಗೆ, ಕೈ ಸುಡಲು ಅರ್ಧ ಸೆಕೆಂಡ್ ಸಾಕು. ಅರ್ಧ ಗಂಟೆಯಾದರೂ ಕಾಯಿರಿ.

ಕಾಯದೆ ಓಡಿಸಿದರೆ ಏನಾಗುತ್ತದೆ? ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಕೂತಿರುವ ಇಂಜಿನ್ ತೆಗೆದುಕೊಳ್ಳಿ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 400 ಮಿಲಿಮೀಟರ್ ಉದ್ದದ ಹೆಡ್ ಮಾಮೂಲಿಗಿಂತ 30 ಡಿಗ್ರಿ ಹೆಚ್ಚು ಬಿಸಿಯಾದರೆ 0.28 ಮಿಲಿಮೀಟರ್ ಉದ್ದವಾಗುತ್ತದೆ, ಕೆಳಗಿನ ಬ್ಲಾಕ್ 0.13 ಮಾತ್ರ. ಎರಡನ್ನೂ ಬೋಲ್ಟುಗಳು ಬಿಗಿದು ಹಿಡಿದಿರುವುದರಿಂದ ಹೆಡ್ ಬಾಗುತ್ತದೆ. ಬಹಳಷ್ಟು ಸಣ್ಣ ಇಂಜಿನ್ನುಗಳಿಗೆ ಕಂಪನಿ ಒಪ್ಪುವ ಬಾಗು 0.05 ಮಿಲಿಮೀಟರ್. ಅದು ದಾಟಿದ ಕಡೆ, ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಮೇಲಿನ ಒತ್ತು ಸಡಿಲವಾಗುತ್ತದೆ. ಗ್ಯಾರೇಜಿನಲ್ಲಿ ಕೇಳುವ “ಹೆಡ್ ಹೋಗಿದೆ ಸಾರ್” ಎಂಬ ಮಾತಿಗೆ ಹೆಚ್ಚಿನ ಸಲ ಇದೇ ಅರ್ಥ.

ಇನ್ನು ಕೂಲಂಟ್ ಆಯಿಲಿಗೆ ಸೇರುವ ಬಗೆ. ಇದರಲ್ಲಿ ಬಹಳ ಮಂದಿಗೆ ಗೊಂದಲವಿದೆ. ಓಡುತ್ತಿರುವ ಇಂಜಿನ್ನಿನಲ್ಲಿ ಆಯಿಲ್ ಒತ್ತಡ 3ರಿಂದ 4 ಬಾರ್, ಕೂಲಂಟಿನದು ಒಂದು ಬಾರಿನ ಆಸುಪಾಸು. ಎರಡರ ದಾರಿಗಳ ನಡುವೆ ಗ್ಯಾಸ್ಕೆಟ್ ಬಿರುಕು ಬಿಟ್ಟರೆ, ಓಡುವಾಗ ಆಯಿಲ್ಲೇ ಕೂಲಂಟಿನೊಳಗೆ ನುಗ್ಗುತ್ತದೆ. ಕಾರು ನಿಲ್ಲಿಸಿದ ಕೂಡಲೇ ಆಯಿಲ್ ಒತ್ತಡ ಸೊನ್ನೆ. ಕೂಲಂಟ್ ಮಾತ್ರ ಬಿಸಿಯಾಗಿ, ಮುಚ್ಚಳದ ಬಂಧನದಲ್ಲಿ ಇನ್ನೂ ಒತ್ತಡದಲ್ಲೇ ಇರುತ್ತದೆ. ಆಗ ಹರಿವು ತಿರುಗುತ್ತದೆ, ಕೂಲಂಟ್ ಆಯಿಲಿಗೆ ಇಳಿಯುತ್ತದೆ. ಮನೆಮುಂದೆ ನಿಲ್ಲಿಸಿ ಒಳಗೆ ಹೋದ ಮೇಲೆ ಕಾರು ಹಾಳಾಗುತ್ತಾ ಕೂತಿರುತ್ತದೆ. ಆದ್ದರಿಂದ ಆಯಿಲ್ ಡಿಪ್‌ಸ್ಟಿಕ್ ಒಂದನ್ನೇ ನೋಡಿದರೆ ಸಾಲದು, ಕೂಲಂಟಿನ ಡಬ್ಬಿಯಲ್ಲಿ ಕಂದು ಕೆನೆ ತೇಲುತ್ತಿದೆಯೇ ಎಂದೂ ನೋಡಬೇಕು. ಬಿರುಕು ಸಿಲಿಂಡರಿನ ಕಡೆಗೆ ಬಿಟ್ಟಿದ್ದರೆ ಮಾತು ಬೇರೆ. ಅಲ್ಲಿ ಉರಿಯುವಾಗಿನ ಒತ್ತಡ 50 ಬಾರ್ ಮೀರುತ್ತದೆ, 1.1 ಬಾರಿನ ಮುಚ್ಚಳ ಅದರ ಮುಂದೆ ಏನೂ ಅಲ್ಲ. ತಣ್ಣಗಿದ್ದ ಕಾರು ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಯಿತೆಂದರೆ ಅದು ಶಾಖದ ಒತ್ತಡವಲ್ಲ, ಸಿಲಿಂಡರಿನ ಗ್ಯಾಸು.

ಹೆಡ್ ಬಿಚ್ಚುವ ಮೊದಲು ಕೈಯಲ್ಲಿ ಒಂದು ಕಾಸಿಲ್ಲದೆ ಮಾಡಬಹುದಾದ ಲೆಕ್ಕವೊಂದಿದೆ, ಜಮಾ ಖರ್ಚಿನ ಲೆಕ್ಕ. ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಸಮ ನೆಲದಲ್ಲಿ ಕೂಲಂಟ್ ಡಬ್ಬಿಯ ಮಟ್ಟಕ್ಕೂ ಡಿಪ್‌ಸ್ಟಿಕ್ಕಿನ ಮಟ್ಟಕ್ಕೂ ಗುರುತು ಹಾಕಿಕೊಳ್ಳಿ. ಡಿಪ್‌ಸ್ಟಿಕ್ಕಿನ ಕೆಳಗಿನ ಮತ್ತು ಮೇಲಿನ ಗುರುತಿನ ನಡುವೆ ಸಾಮಾನ್ಯವಾಗಿ ಒಂದು ಲೀಟರ್ ವ್ಯತ್ಯಾಸವಿರುತ್ತದೆ. ಆ ಅಂತರ 20 ಮಿಲಿಮೀಟರ್ ಇದ್ದರೆ, 200 ಮಿಲಿ ಕೂಲಂಟ್ ಆಯಿಲಿಗೆ ಸೇರಿದಾಗ ಮಟ್ಟ 4 ಮಿಲಿಮೀಟರ್ ಏರಬೇಕು. ವಾರದಲ್ಲಿ ಡಬ್ಬಿ 200 ಮಿಲಿ ಇಳಿದು ಆಯಿಲ್ 3-4 ಮಿಲಿಮೀಟರ್ ಏರಿದ್ದರೆ ಹೋದದ್ದೆಲ್ಲಿಗೆಂದು ಗೊತ್ತಾಯಿತು. ಡಬ್ಬಿ ಇಳಿದು ಆಯಿಲ್ ಕದಲದಿದ್ದರೆ ಹೋಸು, ನೀರಿನ ಪಂಪು, ಮುಚ್ಚಳ, ಇಲ್ಲವೇ ಸೈಲೆನ್ಸರಿನ ದಾರಿ ಹುಡುಕಬೇಕು. ಬಿಸಿ ಆಯಿಲಿನಿಂದ ನೀರು ಆವಿಯಾಗಿ ಹೋಗುತ್ತದೆ, ಕೂಲಂಟಿನಲ್ಲಿರುವ ಗ್ಲೈಕಾಲ್ 197 ಡಿಗ್ರಿಗೆ ಕುದಿಯುವಂಥದ್ದು, ಉಳಿಯುತ್ತದೆ. ಹಾಗಾಗಿ ಡಿಪ್‌ಸ್ಟಿಕ್ ತೋರಿಸುವ ಏರಿಕೆ ನಿಜವಾದದ್ದಕ್ಕಿಂತ ಕಡಿಮೆಯೇ ಇರುತ್ತದೆ.

ಎಷ್ಟು ಸೇರಿದರೆ ಅಪಾಯ? ಇಂಜಿನ್ ಆಯಿಲಿನಲ್ಲಿ ನೀರು ಶೇ 0.2 ತಲುಪಿದರೆ ಎಚ್ಚರಿಕೆಯ ಗಂಟೆ. ಮೂರೂವರೆ ಲೀಟರ್ ಆಯಿಲಿಗೆ ಅದು 7 ಮಿಲಿ. ನೂರು ಮಿಲಿ ಕೂಲಂಟ್ ಸೇರಿದ ಆಯಿಲಿನಲ್ಲಿ ಇಂಜಿನ್ ಓಡಿಸುವುದು ಏನೆಂದು ಇದರಿಂದಲೇ ಊಹಿಸಬಹುದು. ಕ್ರ್ಯಾಂಕ್ ಶಾಫ್ಟ್ ಬೇರಿಂಗಿನ ಸಂದು 0.02ರಿಂದ 0.05 ಮಿಲಿಮೀಟರ್, ಅದರೊಳಗೆ ಲೋಹಕ್ಕೆ ಲೋಹ ತಾಗದಂತೆ ತಡೆಯುವುದು ಆಯಿಲಿನ ತೆಳು ಪದರವೊಂದೇ. ಗ್ಲೈಕಾಲ್ ಆ ಪದರವನ್ನು ಕೆಡಿಸಿ, ಆಮ್ಲವಾಗಿ, ಅಂಟಾಗಿ ಆಯಿಲ್ ದಾರಿಗಳನ್ನು ಕಟ್ಟುತ್ತದೆ.

ಹಾಗೆಂದು ಕಂಡ ಬಿಳಿಯೆಲ್ಲ ಹೆಡ್ ಗ್ಯಾಸ್ಕೆಟ್ ಅಲ್ಲ. ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ತಪ್ಪು ತೀರ್ಮಾನದಿಂದ ಹಣ ಕಳೆದುಕೊಳ್ಳುವವರು ಇಲ್ಲೇ. ಬಿಳಿಯ ಬೇರೆ ಕಾರಣಗಳಲ್ಲಿ ಮೊದಲನೆಯದು ಇಂಜಿನ್ನಿನಲ್ಲೇ ಹುಟ್ಟುವ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಹಬೆಯಾಗಿ ಹಿಂದಿನಿಂದ ಹೋಗುತ್ತದೆ, ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುತ್ತದೆ. ಹೊಯ್ಸಳನಗರದಿಂದ ಮಕ್ಕಳ ಶಾಲೆಗೆ, ಅಲ್ಲಿಂದ ತರಕಾರಿಗೆ, ಮತ್ತೆ ಮನೆಗೆ, ಹೀಗೆ ಎರಡೆರಡು ಕಿಲೋಮೀಟರಿನ ಓಡಾಟವೇ ಆಗಿರುವ ಕಾರಿನ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಇಳಿದ ಹಬೆ ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಹಳದಿ ಮಿಶ್ರಿತ ಬಿಳಿ ಕೆನೆಯಾಗಿ ಕೂರುತ್ತದೆ. ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದು, ಕೂಲಂಟ್ ಇಳಿಯದೆ, ಮುಚ್ಚಳದಡಿ ಮಾತ್ರ ಕೆನೆಯಿದ್ದರೆ ಮುಚ್ಚಳ ಒರೆಸಿ, ಹೊಸಕೋಟೆಯ ಕಡೆಗೆ ಅರ್ಧಮುಕ್ಕಾಲು ಗಂಟೆ ಒಂದೇ ಸಮನೆ ಓಡಿಸಿ ನೋಡಿ.

ಎರಡನೆಯದು ಮಳೆನೀರು. 2025ರ ಮೇ ತಿಂಗಳಲ್ಲಿ ಒಂದೇ ರಾತ್ರಿ ನೂರು ಮಿಲಿಮೀಟರ್ ದಾಟಿ ಸುರಿದಾಗ ಪಕ್ಕದ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ಹಾಗೆ ನೀರಿನಲ್ಲಿ ನಿಂತ ಕಾರಿನ ಆಯಿಲ್ಲೂ ಹಾಲಾಗುತ್ತದೆ, ಆದರೆ ಕೂಲಂಟಿನ ಡಬ್ಬಿ ತುಂಬಿಯೇ ಇರುತ್ತದೆ. ಈ ವ್ಯತ್ಯಾಸ ದುಬಾರಿಯದು. ಯಂತ್ರದ ಸವೆತ, ಕೆಡುಕನ್ನು ಸಾಮಾನ್ಯ ವಾಹನ ವಿಮೆ ಕಟ್ಟಿಕೊಡುವುದಿಲ್ಲ, ನೆರೆಯ ಹಾನಿಯನ್ನು ಸಮಗ್ರ ವಿಮೆ ಪರಿಗಣಿಸುತ್ತದೆ. ನೆರೆಯಲ್ಲೂ ಇಂಜಿನ್ನಿನ ಒಳಹಾನಿಗೆ ಪ್ರತ್ಯೇಕ ಇಂಜಿನ್ ರಕ್ಷಣೆಯ ಸೇರ್ಪಡೆ ಇರಬೇಕು. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗದೆ, ಮೊದಲು ಎರಡೂ ಮಟ್ಟಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ.

ಮೂರನೆಯದು ಆಯಿಲ್ ಕೂಲರ್. ಡೀಸೆಲ್ ಕಾರುಗಳಲ್ಲಿ, ಕೆಲವು ದೊಡ್ಡ ಪೆಟ್ರೋಲ್ ಕಾರುಗಳಲ್ಲೂ, ಆಯಿಲನ್ನು ಕೂಲಂಟಿನಿಂದ ತಣಿಸುವ ಒಂದು ಸಣ್ಣ ಭಾಗವಿದೆ. ಅದು ಒಳಗೆ ತೂತಾದರೆ ಲಕ್ಷಣಗಳೆಲ್ಲ ಹೆಡ್ ಗ್ಯಾಸ್ಕೆಟಿನವೇ, ಕೆಲಸ ಮಾತ್ರ ಕೆಲವೇ ಬೋಲ್ಟುಗಳದ್ದು. ಅದನ್ನು ನೋಡದೆ ಡೀಸೆಲ್ ಇಂಜಿನ್ನಿನ ಹೆಡ್ ಇಳಿಸಿದರೆ ಇಪ್ಪತ್ತು ಮೂವತ್ತು ಸಾವಿರ ಸುಮ್ಮನೆ ಹೋಗುತ್ತದೆ.

ಹಾಗಾಗಿ ಪರೀಕ್ಷೆಗಳ ಖರ್ಚನ್ನು ಕೂಡಿಸೋಣ. ಡಿಪ್‌ಸ್ಟಿಕ್ಕಿನ ಒಂದು ಹನಿ ಆಯಿಲನ್ನು ಕಾದ ತಗಡಿನ ಮೇಲೆ ಬಿಟ್ಟರೆ, ಶೇ 0.1ರಷ್ಟು ನೀರಿದ್ದರೂ ಚಟಪಟ ಎನ್ನುತ್ತದೆ, ಖರ್ಚಿಲ್ಲ. ರೇಡಿಯೇಟರಿಗೆ ಕೈಪಂಪಿನಿಂದ ಒಂದು ಬಾರ್ ಒತ್ತಡ ಕೊಟ್ಟು ಕಾಲು ಗಂಟೆ ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದಕ್ಕೆ 300ರಿಂದ 500 ರೂಪಾಯಿ. ಕೂಲಂಟಿನ ಮೇಲಿನ ಗಾಳಿಯನ್ನು ನೀಲಿ ದ್ರಾವಣದೊಳಗೆ ಹಾಯಿಸಿ, ಉರಿದ ಗ್ಯಾಸಿದ್ದರೆ ಅದು ಹಳದಿಯಾಗುವುದನ್ನು ನೋಡಲು 500ರಿಂದ 1,000. ಕಂಪ್ರೆಶನ್ ಪರೀಕ್ಷೆಗೂ ಅಷ್ಟೇ. ಎಲ್ಲ ಸೇರಿ ಎರಡೂವರೆ ಸಾವಿರ ಮೀರದು.

ಕಂಪ್ರೆಶನ್ ಪರೀಕ್ಷೆಯಲ್ಲಿ ಬೆಂಗಳೂರಿನ ಎತ್ತರ ಮತ್ತೆ ಎದುರಾಗುತ್ತದೆ. ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಶೇ 10ರಷ್ಟು ಕಡಿಮೆ. ಕಂಪನಿಯ ಪುಸ್ತಕದಲ್ಲಿ 14 ಬಾರ್ ಎಂದಿದ್ದರೆ ಆರೋಗ್ಯವಂತ ಇಂಜಿನ್ನೂ ಇಲ್ಲಿ 12.6ರ ಹತ್ತಿರ ತೋರಿಸುತ್ತದೆ. ನಾಲ್ಕೂ ಸಿಲಿಂಡರ್ 12.5 ಇದ್ದರೆ ಅದು ರೋಗವಲ್ಲ. ಮೂರು 12.5 ಇದ್ದು ಒಂದು 10 ಇದ್ದರೆ, ಅಥವಾ ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ, ಆ ಜಾಗದಲ್ಲಿ ಗ್ಯಾಸ್ಕೆಟ್ ಹೋಗಿದೆ ಎಂದು ಬಲವಾಗಿ ಅನುಮಾನಿಸಬಹುದು. ಆಯಿಲಿಗೂ ಕೂಲಂಟಿಗೂ ನಡುವೆ ಮಾತ್ರ ಬಿರುಕಿದ್ದರೆ ಕಂಪ್ರೆಶನ್ ಸರಿಯಾಗಿಯೇ ಇರುತ್ತದೆ. ಆಗ ಒತ್ತಡದ ಪರೀಕ್ಷೆಯನ್ನು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಆಯಿಲ್ ಬಸಿಯುವ ಬೋಲ್ಟನ್ನು ನಿಧಾನ ಸಡಿಲಿಸಿ ಮೊದಲು ಬರುವುದು ಆಯಿಲೋ ನೀರೋ ಎಂದು ನೋಡುವ ಹಳೆಯ ಕ್ರಮವೇ ಸರಿ. ನೀರು ಭಾರ, ತಳದಲ್ಲಿ ನಿಲ್ಲುತ್ತದೆ.

ಈಗ ಬಿಲ್ಲುಗಳು. ಒಂದೇ ಕಾರು, ಒಂದೇ ಮೂಲದೋಷ, ನಿಲ್ಲಿಸಿದ ಹಂತ ಮಾತ್ರ ಬೇರೆ ಎಂದಿಟ್ಟುಕೊಳ್ಳೋಣ. ಮೊದಲ ಸಲ ಕೆಂಪು ದೀಪ ಬಂದಾಗಲೇ ನಿಲ್ಲಿಸಿದವರಿಗೆ ಮುಚ್ಚಳ 300, ಒಂದು ಹೋಸ್ 500, ಐದು ಲೀಟರ್ ಸಿದ್ಧ ಕೂಲಂಟ್ 1,500, ಕೂಲಿ 700, ಒಟ್ಟು 3,000. ಹೆಡ್ ಬಾಗುವವರೆಗೆ ಓಡಿಸಿದವರಿಗೆ ಗ್ಯಾಸ್ಕೆಟ್ ಸೆಟ್ 2,500, ಲೇತಿನಲ್ಲಿ ಹೆಡ್ ಫೇಸಿಂಗ್ 1,500, ಹೆಡ್ ಬಿರುಕು ಬಿಟ್ಟಿದೆಯೇ ಎಂಬ ಪರೀಕ್ಷೆ 800, ಹೊಸ ಹೆಡ್ ಬೋಲ್ಟುಗಳು 1,000, ವಾಲ್ವ್ ಸೀಲು 800, ಥರ್ಮೋಸ್ಟಾಟ್ ಮತ್ತು ಹೋಸುಗಳು 2,000, ಕೂಲಂಟ್ 1,500, ಕೂಲಿ 5,000. ಆಯಿಲ್ ಎರಡು ಸಲ ಹಾಕಬೇಕು: ಮೊದಲ ಮೂರೂವರೆ ಲೀಟರ್ ಒಳಗಿನ ಕೆಸರು ತೊಳೆಯಲು, ಎರಡನೆಯದು ಓಡಿಸಲು. ಫಿಲ್ಟರ್ ಸೇರಿ 3,500. ಎಲ್ಲ ಕೂಡಿ 18,600. ಆಯಿಲ್ ಹಾಲಾದ ಮೇಲೂ ವಾರಗಟ್ಟಲೆ ಓಡಿಸಿದವರಿಗೆ ಬೇರಿಂಗ್, ರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಸೇರಿ 60,000ದ ಸುತ್ತ ನಿಲ್ಲುತ್ತದೆ. ಒಂದು, ಆರು, ಇಪ್ಪತ್ತು: ಏರಿಕೆಯ ಪ್ರಮಾಣ ಇದು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳೆಲ್ಲಕ್ಕೂ ಜಿಎಸ್‌ಟಿ ಶೇ 18 ಆಗಿದೆ. ಮೊದಲು ಎಷ್ಟೋ ಭಾಗಗಳಿಗೆ ಶೇ 28 ಇತ್ತು. ಹತ್ತು ಸಾವಿರದ ಭಾಗಕ್ಕೆ ಸಾವಿರ ರೂಪಾಯಿ ಉಳಿಯುತ್ತದೆ, ಬಿಲ್ ಕೇಳಿ ಪಡೆಯಿರಿ.

ಬಾಟಲಿಯಲ್ಲಿ ಬರುವ “ಗ್ಯಾಸ್ಕೆಟ್ ಸೀಲರ್” ಸುರಿದು ಹದಿನೆಂಟು ಸಾವಿರ ಉಳಿಸುವ ಆಸೆ ಬೇಡ. ಆಯಿಲಿಗೂ ಕೂಲಂಟಿಗೂ ನಡುವಿನ ಸೋರಿಕೆಗೆ ಅದು ಮದ್ದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಅದು ಕಟ್ಟಬಹುದು.

ಇಷ್ಟಕ್ಕೂ ಈ ಏಣಿಯ ಮೊದಲ ಮೆಟ್ಟಿಲು ಎಷ್ಟೋ ಸಲ ಬೋರ್‌ವೆಲ್ ನೀರು. ನಗರದ ಪೂರ್ವದಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರನ್ನು ನಂಬಿದ ಬಡಾವಣೆಗಳು ಬಹಳ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಳ್ಳೆಯದೆನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. 600ರ ನೀರನ್ನು ಒಮ್ಮೆ ಐದು ಲೀಟರ್ ತುಂಬಿದರೆ ಒಳಹೋಗುವ ಸುಣ್ಣ 3 ಗ್ರಾಂ. ಸೋರುವ ಕಾರಿಗೆ ದಿನಕ್ಕೊಂದು ಲೀಟರ್ ಹಾಕುತ್ತಾ ಹೋದರೆ ತಿಂಗಳಿಗೆ 18 ಗ್ರಾಂ. ಅದರಲ್ಲಿ ಕೂರುವ ಪಾಲು ಬಿಸಿ ಹೆಚ್ಚಿರುವ ಕಡೆಯೇ, ಅಂದರೆ ಹೆಡ್ಡಿನ ಸುತ್ತಲೇ ಕೂರುತ್ತದೆ. ಅಲ್ಯೂಮಿನಿಯಂಗೆ ಹೋಲಿಸಿದರೆ ಸುಣ್ಣದ ಪದರ ಶಾಖ ಸಾಗಿಸುವುದು ನೂರನೇ ಒಂದು ಪಾಲು. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಅಲ್ಯೂಮಿನಿಯಂ ಕೊರೆಯುತ್ತದೆ ಕೂಡ. ದಾರಿಯಲ್ಲಿ ತುರ್ತಿಗೆ ಯಾವ ನೀರಾದರೂ ಸರಿ, ಇಂಜಿನ್ ಉಳಿಯುವುದು ಮುಖ್ಯ. ಮಾರನೆಯ ದಿನ ಅದನ್ನು ಬಸಿದು, ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂದು ನಮೂದಿಸಿದ ಕೂಲಂಟ್ ತುಂಬಬೇಕು. ಗಟ್ಟಿ ಕೂಲಂಟ್ ಕೊಂಡರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬೆರೆಸಿಕೊಳ್ಳಿ.

ಬಸಿದ ಕೂಲಂಟನ್ನು ಬೀದಿಯ ಚರಂಡಿಗೆ ಬಿಡುವ ಅಭ್ಯಾಸ ನಿಲ್ಲಲೇಬೇಕು. ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿಯ ತೂಕದ ಕಿಲೋಗೆ 5-6 ಮಿಲಿ ಶುದ್ಧ ಗ್ಲೈಕಾಲ್ ಸಾವಿಗೆ ಸಾಕು, ಹದಿನೈದು ಕಿಲೋದ ಬೀದಿನಾಯಿಗೆ ನೂರು ಮಿಲಿಯೊಳಗೆ. ಗ್ಯಾರೇಜಿನ ಮುಂದಿನ ಗುಂಡಿಯ ಹಸಿರು ನೀರನ್ನು ಅವು ನೆಕ್ಕುತ್ತವೆ. ಬಸಿದದ್ದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿಯುವಂತೆ ನಿಂತು ಹೇಳಿ.

ಹೆಡ್ ಬಿಚ್ಚಿದ ದಿನ ಗ್ಯಾರೇಜಿಗೆ ಹೋಗಿ ಎರಡು ಅಂಕಿ ಬರೆಸಿಕೊಳ್ಳಿ: ಸ್ಟ್ರೇಟ್ ಎಡ್ಜ್ ಮತ್ತು ಫೀಲರ್ ಗೇಜ್ ಇಟ್ಟಾಗ ಹೆಡ್ಡಿನ ಬಾಗು ಎಷ್ಟು, ಲೇತಿನಲ್ಲಿ ಎಷ್ಟು ತೆಗೆದರು. ಮುಂದೊಮ್ಮೆ ಅದೇ ಹೆಡ್ ಮತ್ತೆ ಫೇಸಿಂಗಿಗೆ ಬಂದರೆ ಉಳಿದ ದಪ್ಪ ಕಂಪನಿಯ ಮಿತಿಯೊಳಗಿದೆಯೇ ಎಂದು ಹೇಳುವುದು ಈ ಅಂಕಿಗಳೇ. ರಿಪೇರಿಯಾದ ಮೇಲೆ ಮೊದಲ 500 ಕಿಲೋಮೀಟರ್ ದಿನಾ ಬೆಳಿಗ್ಗೆ ಎರಡೂ ಮಟ್ಟ ನೋಡಿ. ಮೊದಲೆರಡು ದಿನ ಒಳಗೆ ಸಿಕ್ಕ ಗಾಳಿ ಹೊರಬಂದು ಡಬ್ಬಿ ನೂರಿನ್ನೂರು ಮಿಲಿ ಇಳಿಯಬಹುದು, ಅಷ್ಟು ತುಂಬಿಸಿ. ಆಮೇಲೂ ಇಳಿಯುತ್ತಲೇ ಹೋದರೆ 500 ಆಗುವವರೆಗೆ ಕಾಯದೆ ವಾಪಸ್ ಹೋಗಿ. ಇಳಿಯದಿದ್ದರೆ 500ಕ್ಕೆ ಆಯಿಲ್ ಮತ್ತು ಫಿಲ್ಟರನ್ನು ಇನ್ನೊಮ್ಮೆ ಬದಲಿಸಿ, 1,750 ರೂಪಾಯಿ. ತೆಗೆದ ಫಿಲ್ಟರನ್ನು ಕೊಯ್ದು ಕಾಗದದ ಮಡಿಕೆಯಲ್ಲಿ ಹೊಳೆಯುವ ಲೋಹದ ಪುಡಿ ಇದೆಯೇ ಎಂದು ನೋಡಲು ಮೆಕ್ಯಾನಿಕ್‌ಗೆ ಹೇಳಿ. ಪುಡಿ ಕಂಡರೆ ಬೇರಿಂಗುಗಳು ಸವೆಯತೊಡಗಿವೆ, ಮೂರನೆಯ ಬಿಲ್ಲಿನ ಕೆಲಸ ಬಾಕಿ ಇದೆ.